ಹೋಮ್‌ಸ್ಟೆಡ್ ಕಾಯ್ದೆಯ ಪಾಠ

ದೂರಶಿಕ್ಷಣದ ಭಾನುವಾರದ ಕೊನೆಯ ತರಗತಿ. ಅರಸೀಕೆರೆಯಿಂದ ಬಸ್ಸಿನಲ್ಲಿ ನಿಂತೇ ಬೇಲೂರಿಗೆ ಬಂದಿದ್ದ ಇತಿಹಾಸದ ಉಪನ್ಯಾಸಕಿ ಪುಷ್ಪಲತಾ, ಹದಿನೇಳು ವರ್ಷಗಳಿಂದ ಹೇಳುತ್ತಿದ್ದ ಟಿಪ್ಪಣಿಯನ್ನೇ ತಲೆಯೆತ್ತದೆ ಓದುತ್ತಿದ್ದಳು.

"೧೮೬೨ರ ಹೋಮ್‌ಸ್ಟೆಡ್ ಕಾಯ್ದೆ. ಅಮೆರಿಕದ ಸರ್ಕಾರಿ ಜಮೀನಿನಲ್ಲಿ ಮನೆ ಕಟ್ಟಿಕೊಂಡು ಐದು ವರ್ಷ ಉತ್ತರೆ ನೂರ ಅರವತ್ತು ಎಕರೆವರೆಗೆ ಸ್ವಂತ. ನಡುವೆ ಗಂಡ ತೀರಿಕೊಂಡರೆ ಹಕ್ಕು ಹೆಂಡತಿಗೆ."

"ಐದೇ ವರ್ಸನಾ ಮೇಡಂ?"

ಕೇಳಿದವಳು ಗೆಂಡೆಹಳ್ಳಿಯ ಹನುಮಮ್ಮ. ನಲವತ್ತೆಂಟು ವರ್ಷದವಳು, ಮಗಳ ಮದುವೆ ಮುಗಿಸಿ ತಾನು ಬಿ.ಎ.ಗೆ ಸೇರಿದ್ದಳು.

"ಹೂಂ, ಐದೇ."

"ನಾವು ಇಪ್ಪತ್ತಾರು ವರ್ಸದಿಂದ ಸರ್ಕಾರಿ ಜಾಗದಾಗೆ ರಾಗಿ ಬೆಳೀತಿದೀವಿ. ಅದನ್ನ ನಮಗೇ ಮಾಡ್ಕೊಡಿ ಅಂತ ಹಾಕಿದ ಬಗರ್ ಹುಕುಂ ಅರ್ಜಿ ನಮ್ಮೆಜಮಾನ್ರ ಹೆಸರಲ್ಲೇ ಕೊಳೀತಾ ಐತೆ. ಅವರು ಹೋಗಿ ಮೂರು ವರ್ಸ ಆತು. ನಾಳೆ ತಾಲ್ಲೂಕು ಕಚೇರಿಗೆ ಕರೆದವ್ರೆ. ಜೊತೆಗೆ ಬತ್ತೀರಾ ಮೇಡಂ?"

ಇಲ್ಲವೆನ್ನುವುದಕ್ಕೂ ಪುಷ್ಪಲತಾಗೆ ದಣಿವು. ಮರುದಿನ ಹೋದಳು.

ಮಧ್ಯಾಹ್ನ ಮೂರರವರೆಗೆ ಇಬ್ಬರೂ ಕಚೇರಿಯ ಗೋಡೆಗೆ ಒರಗಿ ನಿಂತರು. ಕಾಲು ಬದಲಿಸುತ್ತ ಹನುಮಮ್ಮ ಕೇಳಿದಳು: "ಆ ಅಮೆರಿಕದ ಜಮೀನು ಮೊದ್ಲು ಯಾರ್ದು ಮೇಡಂ?"

"ಅಲ್ಲಿನ ಮೂಲನಿವಾಸಿಗಳದ್ದು. ಅವರನ್ನ ಓಡಿಸಿದ್ರು."

"ಪಾಪ. ಅವ್ರೂ ಎಲ್ಲೋ ಹಿಂಗೇ ನಿಂತಿರ್ತಾರೆ."

ಒಳಗೆ ಗುಮಾಸ್ತ ಬಸವಕುಮಾರನ ಕಣ್ಣು ಕೆಂಪಗಿತ್ತು. ಮೇಜಿನ ತುಂಬ ಕಡತ. "ಅರ್ಜಿದಾರರೇ ಇಲ್ವಲ್ಲಮ್ಮ. ವಜಾ ಅಂತ ಬರೀಬೇಕಾಗುತ್ತೆ."

"ಬರೀಬ್ಯಾಡಿ ಸಾ. ಅಮೆರಿಕದಾಗೆ ಆ ಕಾಲಕ್ಕೇ ಗಂಡ ಸತ್ತೋಳಿಗೆ ಹಕ್ಕು ಕೊಟ್ಟವ್ರೆ."

ಹಿಂದೆ ನಿಂತವರು ನಕ್ಕರು. ಬಸವಕುಮಾರನೂ ನಕ್ಕ. "ಇದು ಬೇಲೂರು ಕಣಮ್ಮ."

ಹನುಮಮ್ಮ ತಲೆ ತಗ್ಗಿಸಿದಳು. ಅದನ್ನು ಕಂಡು ಪುಷ್ಪಲತಾಗೆ ಎಲ್ಲಿಂದಲೋ ಸಿಟ್ಟು ಬಂತು.

"ಬೇಲೂರಿನ ಕಾನೂನೇ ತೋರಿಸ್ರೀ. ವಾರಸುದಾರರನ್ನ ಸೇರಿಸಬಾರದು ಅಂತ ಎಲ್ಲಿದೆ?"

ಅವನು ಪುಸ್ತಕ ಹುಡುಕಿ ತೆಗೆದು ಹಾಳೆ ತಿರುವಿದ. ಮತ್ತೆ ತಿರುವಿದ. ಕೊನೆಗೆ ಕನ್ನಡಕ ತೆಗೆದಿಟ್ಟು, "ವಂಶವೃಕ್ಷ ತನ್ನಿ. ವಜಾ ಮಾಡಲ್ಲ," ಎಂದ.

ಆಮೇಲೆ ಏಳು ತಿಂಗಳು ಹಿಡಿಯಿತು. ಉಳುತ್ತಿದ್ದ ಎರಡೂವರೆ ಎಕರೆಯಲ್ಲಿ ಒಂದು ಎಕರೆ ಹನುಮಮ್ಮನ ಹೆಸರಿಗೆ ಮಂಜೂರಾಯಿತು. ಉಳಿದದ್ದು ಅಳತೆಯಲ್ಲಿ ದನ ಮೇಯುವ ಗೋಮಾಳವೆಂದು ಬಂತು.

"ಮೇಲರ್ಜಿ ಹಾಕಬಹುದು ಹನುಮಮ್ಮ," ಎಂದಳು ಪುಷ್ಪಲತಾ.

"ಹಾಕಾನ ಮೇಡಂ. ಈ ವರ್ಸ ಬ್ಯಾಡ." ಹನುಮಮ್ಮ ಹಕ್ಕುಪತ್ರವನ್ನು ಮಡಿಲಲ್ಲಿಟ್ಟುಕೊಂಡು ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತಳು. "ವಸಿ ಕುಂತ್ಕೊಳಿ ನೀವೂವೆ."

ಪುಷ್ಪಲತಾ ಅವಳ ಪಕ್ಕ ಕೂತಳು. ಗೆಂಡೆಹಳ್ಳಿ ಬಸ್ಸು ಬಂತು, ಹೋಯಿತು. ಇಬ್ಬರೂ ಏಳಲಿಲ್ಲ.