ಎಡ ಪೆಡಲಿನ ತಿರುವು

ಅಪ್ಪನ ಸಾಮಾನೆಲ್ಲ ಒಂದು ಬಿಸ್ಕತ್ತಿನ ಡಬ್ಬದಲ್ಲಿ ಹಿಡಿಯುತ್ತದೆ. ಸ್ಪ್ಯಾನರುಗಳು, ಟೈರು ಎಬ್ಬಿಸುವ ಲಿವರ್, ಪಂಕ್ಚರಿನ ತೇಪೆ, ಸೊಲ್ಯೂಷನ್ ಟ್ಯೂಬು, ಉಜ್ಜುಕಾಗದದ ತುಂಡು, ಚೈನಿನ ಎಣ್ಣೆ, ಅಮ್ಮ ಬಳಸಿ ಬಿಟ್ಟ ಹಲ್ಲಿನ ಬ್ರಷ್ಷು. ಪಂಪು ಮಾತ್ರ ಬಾಗಿಲ ಹಿಂದೆ ಕೊಡೆಯ ಪಕ್ಕ ನಿಂತಿರುತ್ತದೆ. ಭಾನುವಾರ ಬೆಳಿಗ್ಗೆ ಅವರು ಹಳೆ ಪೇಪರು ಹಾಸಿ, ನನ್ನ ಸೈಕಲ್ಲನ್ನು ತಲೆಕೆಳಗು ಮಾಡಿ ನಿಲ್ಲಿಸಿ, ಅದರ ಮುಂದೆ ಚಕ್ಕಳಮಕ್ಕಳ ಹಾಕಿ ಕೂರುತ್ತಾರೆ.

ಅಪ್ಪ ಲಿಫ್ಟ್ ರಿಪೇರಿಯವರು. ಕೈ ನಡುಗಲು ಶುರುವಾದ ಮೇಲೆ ಕಂಪನಿಯವರು ಅವರನ್ನು ಉಗ್ರಾಣಕ್ಕೆ ಹಾಕಿ, ಬಿಡಿಭಾಗ ಎತ್ತಿಕೊಡುವ ಕಿಟಕಿಯ ಹಿಂದೆ ಕೂರಿಸಿದ್ದಾರೆ. ಅವರ ಕೈಯನ್ನು ನಂಬಿ ಈಗಲೂ ಹತ್ತುವವಳು ನಾನೊಬ್ಬಳೇ. ಆಸ್ಪತ್ರೆಯ ಲ್ಯಾಬಿನಲ್ಲಿ ನನ್ನ ಪಾಳಿ ಮೊದಲ ಬಸ್ಸಿಗಿಂತ ಮುಂಚೆಯೇ ಶುರುವಾಗುತ್ತದೆ. ಸೈಕಲ್ ಬಿಟ್ಟರೆ ಗತಿಯಿಲ್ಲ. ದಾರಿಯಲ್ಲಿ ಸೇತುವೆ ದಾಟಿದ ಮೇಲೆ ಉದ್ದನೆಯ ಇಳಿಜಾರು, ಆ ಹೊತ್ತಿಗೆ ಅಲ್ಲಿ ಬರೀ ಲಾರಿಗಳು.

"ಎಲ್ಲಾ ಸರಿ ಇದೆ. ಸವಾರಿ ಹೊರಡಬಹುದು," ಎಂದು ಅಪ್ಪ ಕೈ ಒರೆಸಿಕೊಂಡು ಏಳುತ್ತಾರೆ. ಊಟ ಮುಗಿದು ಅವರಿಗೆ ನಿದ್ದೆ ಹತ್ತಿದ ಮೇಲೆ ಅಮ್ಮ ಅದೇ ಡಬ್ಬ ತೆರೆದು ಸೈಕಲ್ಲಿನ ಮುಂದೆ ಕೂರುತ್ತಾಳೆ. ಸದ್ದಾಗದಿರಲಿ ಎಂದು ಸ್ಪ್ಯಾನರುಗಳ ನಡುವೆ ಚಿಂದಿಬಟ್ಟೆ ತುರುಕಿದವಳೂ ಅವಳೇ.

ಮೊದಲ ಸಲ ನೋಡಿದಾಗ, "ಏನಮ್ಮಾ ಮಾಡ್ತಿದೀಯ?" ಎಂದೆ.

"ಧೂಳು ಒರೆಸ್ತಿದೀನಿ."

"ಸ್ಪ್ಯಾನರಿಂದಾನಾ?"

"ನಿನ್ನ ಬಾಯಿಗೂ ಒಂದು ನಟ್ಟು ಹಾಕ್ತೀನಿ ನೋಡು. ಅವರೆದ್ದಾರು, ಹೋಗು."

ಆಮೇಲೆ ನಾನು ಕಂಡೂ ಕಾಣದ ಹಾಗೆ ಇರತೊಡಗಿದೆ. ನಟ್ಟು ಸಡಿಲವಿತ್ತೇ ಎಂದು ಒಮ್ಮೆಯೂ ಕೇಳಲಿಲ್ಲ. ಕೇಳಿದರೆ ಅಮ್ಮ ಹೇಳಿಬಿಟ್ಟಾಳು, ಹೇಳಿದ ಮೇಲೆ ಅಪ್ಪನ ಮುಖ ನೋಡಿ ಸವಾರಿ ಹೊರಡುವುದು ಹೇಗೆ?

ಈ ಸೋಮವಾರ ಇಳಿಜಾರಿಗೆ ಸ್ವಲ್ಪ ಮೊದಲು ಎಡಗಾಲಿನ ಕೆಳಗೆ ಏನೋ ಓಲಾಡಿತು. ಬಗ್ಗಿ ನೋಡುವಷ್ಟರಲ್ಲಿ ಪೆಡಲ್ಲು ಕಳಚಿ ಬಿತ್ತು. ಕಾಲು ನೇರ ರಸ್ತೆಗೆ ತಾಗಿ ನಾನು ಬಿದ್ದೆ. ಹಿಂದಿನ ಲಾರಿಯವನು ಹೇಗೋ ತಿರುಗಿಸಿಕೊಂಡು, ಬಾಯಿಗೆ ಬಂದ ಹಾಗೆ ಬೈದು ಮುಂದೆ ಹೋದ. ಮೊಣಕಾಲು ತರಚಿತ್ತು, ಅಷ್ಟೇ. ಇನ್ನೂ ಸ್ವಲ್ಪ ಮುಂದೆ, ಇಳಿಜಾರಿನ ಮಧ್ಯೆ ಆಗಿದ್ದರೆ ಎಂಬುದನ್ನು ನಾನು ದಿನವಿಡೀ ರಕ್ತದ ಸೀಸೆಗಳಿಗೆ ಚೀಟಿ ಅಂಟಿಸುತ್ತಾ ಯೋಚಿಸಿದೆ.

ಸಂಜೆ ಸೈಕಲ್ಲು ತಳ್ಳಿಕೊಂಡು ಬಂದು ಪೆಡಲ್ಲನ್ನು ಅಪ್ಪನ ಕೈಗೆ ಕೊಟ್ಟೆ. ಅವರು ಮೊದಲು ನನ್ನ ಮೊಣಕಾಲು ನೋಡಿದರು. ಆಮೇಲೆ ಪೆಡಲ್ಲಿನ ತಿರುಪನ್ನು ಬೆಳಕಿಗೆ ಹಿಡಿದರು.

"ಹಲ್ಲು ಸವೆದಿಲ್ಲ. ತಾನಾಗೇ ಬಿದ್ದಿದ್ದಲ್ಲ ಇದು, ಬಿಚ್ಚಿದ್ದು."

"ಬಿಚ್ಚೋದು ಯಾರಪ್ಪಾ?"

"ಎಡಗಡೇದು ಉಲ್ಟಾ ತಿರುವು ಕಣೇ. ಬೇರೆ ಎಲ್ಲಾ ಬಲಕ್ಕೆ ತಿರುಗಿಸಿದ್ರೆ ಬಿಗಿ. ಇದೊಂದು ಮಾತ್ರ ಬಲಕ್ಕೆ ತಿರುಗಿಸಿದ್ರೆ ಸಡಿಲ ಆಗತ್ತೆ. ಗೊತ್ತಿಲ್ಲದೋರು ಬಿಗಿ ಮಾಡ್ತಿದೀವಿ ಅಂತಾನೇ ಬಿಚ್ಚಿಡ್ತಾರೆ." ಅವರು ಪೆಡಲ್ಲನ್ನು ಡಬ್ಬದೊಳಗೆ ಇಟ್ಟರು. "ಗೊತ್ತಿರೋನೂ ಹಾಗೇ ಮಾಡಿದಾನೆ ಅಂದ್ರೆ... ಕೈ ಹೋಗಿದೆ ಅಂತ ಗೊತ್ತಿತ್ತು. ತಲೇನೂ ಹೋಯ್ತು ಅಂತ ಗೊತ್ತಿರಲಿಲ್ಲ."

ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಒಣಗಿದ ತಟ್ಟೆಯನ್ನೇ ಮತ್ತೆ ಮತ್ತೆ ಒರೆಸುತ್ತಿದ್ದಳು. ನಾನು ಬಾಯಿ ಬಿಟ್ಟರೆ ಅಪ್ಪನಿಗೆ ತಲೆ ವಾಪಸು ಸಿಗುತ್ತಿತ್ತು. ಆದರೆ ಬೆನ್ನ ಹಿಂದೆ ಅವರನ್ನು ಯಾರೂ ನಂಬಿರಲಿಲ್ಲ ಎಂಬುದೂ ಅದರ ಜೊತೆಗೇ ಸಿಗುತ್ತಿತ್ತು.

ಅಪ್ಪ ಡಬ್ಬದ ಮುಚ್ಚಳ ಹಾಕಿದರು. "ಇದನ್ನ ಮೂಲೆ ಅಂಗಡಿ ರಿಪೇರಿಯವನಿಗೆ ಕೊಟ್ಬಿಡು. ಇನ್ಮೇಲೆ ಸೈಕಲ್ಲೂ ಅವನೇ ನೋಡ್ಕೊಳ್ಳಲಿ."

"ತಲೆ ಹೋಗಿಲ್ಲ ನಿಮ್ದು," ಎಂದಳು ಅಮ್ಮ. "ತಿರುಗಿಸಿದ್ದು ನಾನು."

"ನೀನ್ಯಾಕೆ?"

"ಬಿಗಿ ಇದೆಯಾ ನೋಡೋಣ ಅಂತ."

"ನೋಡೋಕೆ ಹೋಗಿ ಬಿಚ್ಚಿಟ್ಟೆ."

"ಹೂಂ."

ಅಪ್ಪನಿಗೆ ನಗು ಬಂತು. ಎದೆಯ ಮೇಲಿನ ಭಾರ ಇಳಿದವರ ಹಾಗೆ ನಕ್ಕರು. "ನಮ್ಮ ಕಂಪನೀಲಿ ನೀನಿದ್ದಿದ್ರೆ ಊರಿನ ಲಿಫ್ಟೆಲ್ಲಾ ನೆಲಮಾಳಿಗೇಲೇ ಇರ್ತಿದ್ವು." ಅಷ್ಟು ಹೇಳಿ ನಗು ನಿಲ್ಲಿಸಿದರು. "ಈ ವಾರ ಒಂದೇನಾ?"

"ಪೆಡಲ್ಲು ಮುಟ್ಟಿದ್ದು ಇದೇ ಮೊದಲು."

"ಬೇರೇದು?"

ಅಮ್ಮ ತಟ್ಟೆಯನ್ನು ಕೆಳಗಿಟ್ಟಳು.

"ಯಾವಾಗಿಂದ?"

"ನಿಮ್ಮನ್ನ ಆ ಕಿಟಕಿ ಹತ್ರ ಕೂರಿಸಿದಾಗಿಂದ."

"ಸಡಿಲ ಇರ್ತಿದ್ವಾ?"

ಅಮ್ಮ ನನ್ನ ಕಡೆ ನೋಡಿದಳು.

"ಅವಳ ಮುಖ ಯಾಕೆ ನೋಡ್ತೀಯ? ನಾನು ಕೇಳ್ತಿರೋದು."

"ಒಂದೊಂದ್ಸಲ," ಎಂದಳು ಅಮ್ಮ.

ಅಪ್ಪ ಪೇಪರು ಹಾಸಿದರು. ಸೈಕಲ್ಲನ್ನು ತಲೆಕೆಳಗು ಮಾಡಲು ನಾನು ಕೈಜೋಡಿಸಹೋದರೆ ಬೇಡವೆಂದರು. ಪೆಡಲ್ಲು ಕೂರಿಸಿದರು. ಹಿಂದಿನ ಚಕ್ರ, ಬ್ರೇಕು, ಸೀಟಿನ ಬೋಲ್ಟು, ಮುಂದಿನ ಚಕ್ರ, ಒಂದನ್ನೂ ಬಿಡಲಿಲ್ಲ. ಬಲಗೈ ನಡುಗಿದಾಗ ಎಡಗೈಯಿಂದ ಅದರ ಮಣಿಕಟ್ಟು ಹಿಡಿದುಕೊಂಡರು. ಕುತ್ತಿಗೆಯ ಮೇಲೆ ಬೆವರಿತ್ತು. ಮುಗಿಸಿ ಸ್ಪ್ಯಾನರನ್ನು ಅಮ್ಮನ ಕಡೆ ಚಾಚಿದರು.

"ಈಗ ನೋಡು. ನಾನು ಮಲಗಿದ್ದಾಗ ಅಲ್ಲ, ಎದುರಿಗೇ."

"ಇರ್ಲಿ ಬಿಡಿ. ಬಿಗಿ ಇರತ್ತೆ."

"ಬೆಳಿಗ್ಗೆ ಅವಳು ಆ ಇಳಿಜಾರಲ್ಲಿ ಹೋಗ್ಬೇಕು. ಕೂತ್ಕೋ."

ಅಮ್ಮ ಸೆರಗು ಸಿಕ್ಕಿಸಿಕೊಂಡು ಕುಳಿತಳು. ಪೆಡಲ್ಲಿಗೆ ಸ್ಪ್ಯಾನರು ಹಾಕಿ, "ಎಡಕ್ಕೆ ತಾನೆ?" ಎಂದು ಕೇಳಿಯೇ ಒತ್ತಿದಳು. ಕದಲಲಿಲ್ಲ. ಹಿಂದಿನ ಚಕ್ರವೂ ಕದಲಲಿಲ್ಲ. ಮುಂದಿನ ಚಕ್ರದ ನಟ್ಟಿಗೆ ಬಂದಾಗ ಅವಳ ತೋಳು ಸುಮ್ಮನೆ ಆಡಿತು. ಅವಳು ಬಲ ಹಾಕುತ್ತಿಲ್ಲವೆಂದು ನನಗೆ ಗೊತ್ತಾಯಿತು. ಅಪ್ಪನಿಗೂ ಗೊತ್ತಾಯಿತು.

"ಜೋರಾಗಿ ಒತ್ತು."

ಒತ್ತಿದಳು. ನಟ್ಟು ತಿರುಗಿತು.

"ಎಷ್ಟು?"

"ಸ್ವಲ್ಪ."

"ಸ್ವಲ್ಪ ಅಂದ್ರೆ?"

ಇನ್ನು ತಿರುಗದು ಅನ್ನುವವರೆಗೂ ಅಮ್ಮ ತಿರುಗಿಸಿದಳು. "ಅರ್ಧ ಸುತ್ತು," ಎಂದಳು, ತಲೆಯೆತ್ತದೆ.

ಅಪ್ಪ ತಲೆಯಾಡಿಸಿದರು. ಕೈಯೂರಿ ನಿಧಾನವಾಗಿ ಪಕ್ಕಕ್ಕೆ ಸರಿದು ಅವಳಿಗೆ ಜಾಗ ಬಿಟ್ಟರು.

"ಆ ಕಡೆ ನಟ್ಟೂ ನೋಡು," ಎಂದರು.