ಬೆಣ್ಣೆ ಮಂಡಿಯ ಗುಂಡಿ

ಬೆಳಿಗ್ಗೆ ಏಳು ಗಂಟೆಗೆ ಬೆಣ್ಣೆ ಮಂಡಿಯ ಗ್ಯಾಸ್ ಒಲೆ ಆರಿಹೋಯಿತು. ಮಂಡಿಯ ಒಡತಿ ಚಿಕ್ಕಬಸಮ್ಮ ಮತ್ತೆ ಮತ್ತೆ ಬೆಂಕಿಕಡ್ಡಿ ಗೀರಿದಳು. ಹಳದಿ ಉರಿಯೊಂದು ಎದ್ದು, ಬಾಗಿ, ಮತ್ತೆ ಆರಿತು.

ಪಕ್ಕದ ಹಿತ್ತಲಲ್ಲಿ ಹಲ್ಲುಜ್ಜುತ್ತಿದ್ದ ದೇವಣ್ಣ ಮೋಟುಗೋಡೆಯ ಮೇಲಿಂದ ಇದನ್ನು ನೋಡಿದ. ಅವನು ರೇಷ್ಮೆ ಸೀರೆ ನೇಯುವವನು. ಈ ಮಂಡಿಯ ಮೇಲೆ ಪುರಸಭೆಗೆ ದೂರು ಕೊಟ್ಟವನೂ ಅವನೇ.

ದೂರಿಗೆ ಕಾರಣವಿತ್ತು. ಹನೂರು, ಬಂಡಳ್ಳಿ, ರಾಮಾಪುರದ ಕಡೆಯಿಂದ ಬರುವ ಬೆಣ್ಣೆಯನ್ನು ಚಿಕ್ಕಬಸಮ್ಮ ಕೊಂಡು, ತೊಳೆದು, ಕಾಯಿಸಿ, ತುಪ್ಪ ಮಾಡಿ ಕೊಳ್ಳೇಗಾಲದ ಅಂಗಡಿಗಳಿಗೂ ಮೈಸೂರಿನ ಹೋಟೆಲುಗಳಿಗೂ ಕಳಿಸುತ್ತಿದ್ದಳು. ಬೆಣ್ಣೆ ತೊಳೆದ ನೀರು, ಮಡಕೆ ತೊಳೆದ ನೀರು ಎಲ್ಲವೂ ಬೀದಿಯ ಮೋರಿಗೆ ಹೋಗುತ್ತಿತ್ತು. ಜಿಡ್ಡು ಮೋರಿಯಲ್ಲಿ ಗಟ್ಟಿಯಾಗಿ ಕಟ್ಟಿಕೊಂಡು ನೀರು ಬೀದಿಗೆ ಉಕ್ಕುತ್ತಿತ್ತು. ನೇಕಾರರು ಮಗ್ಗಕ್ಕೆ ಏರಿಸುವ ಮೊದಲು ಹಾಸಿನ ಎಳೆಗಳನ್ನು ಉದ್ದಕ್ಕೆ ಬಿಗಿದು ಹರಡುವುದು ಅದೇ ಬೀದಿಯಲ್ಲಿ. ಹಿಂದಿನ ವರ್ಷ ದೇವಣ್ಣನ ಹಾಸೊಂದು ಗೂಟ ಕಿತ್ತು ಆ ನೀರಿಗೆ ಬಿದ್ದಿತ್ತು. ಬಣ್ಣ ಹಾಕಿದ ರೇಷ್ಮೆ, ಮದುವೆ ಸೀರೆಯದು. ಎಷ್ಟು ಒಗೆದರೂ ಕಲೆ ಹೋಗಲಿಲ್ಲ.

ಪುರಸಭೆ ಗಡುವು ಕೊಟ್ಟಿತು. ೧೯೭೨ರ ಯುಗಾದಿಯೊಳಗೆ ಮೋರಿಗೆ ಜಿಡ್ಡುನೀರು ಬರುವುದು ನಿಲ್ಲಬೇಕು, ಇಲ್ಲದಿದ್ದರೆ ಮಂಡಿಗೆ ಬೀಗ. ಅತ್ತೆಯ ಕಾಲದಿಂದ ಬಂದ ಆ ಮಂಡಿಯ ಹೊರತು ಚಿಕ್ಕಬಸಮ್ಮನಿಗೆ ಬೇರೆ ಬದುಕಿರಲಿಲ್ಲ. ಬ್ಲಾಕ್ ಆಫೀಸಿನ ಮಾದಸ್ವಾಮಿ ಎಂಬವರು ಹಳ್ಳಿಗಳಲ್ಲಿ ಗೋಬರ್ ಗ್ಯಾಸ್ ಗುಂಡಿ ಕಟ್ಟಿಸುತ್ತಿದ್ದಾರೆಂದು ತಿಳಿದು ಅವಳೇ ಹೋಗಿ ಕೇಳಿದಳು:

“ಸಗಣಿ ತಿನ್ನೋ ಗುಂಡಿ ಬೆಣ್ಣೆನೀರು ಕುಡಿಯಾಕಿಲ್ವಾ ಸಾ?”

ಮಾದಸ್ವಾಮಿ ಯೋಚಿಸಿ, “ಕುಡೀಬೇಕು. ಎಷ್ಟು ಅಂತ ನೋಡಬೇಕು ಅಷ್ಟೆ,” ಎಂದರು.

ಹಿತ್ತಲಲ್ಲಿ ಬಾವಿಯಂಥ ಗುಂಡಿ ತೋಡಿ, ಇಟ್ಟಿಗೆ ಕಟ್ಟಿ, ಮೇಲೆ ಕಬ್ಬಿಣದ ಡ್ರಮ್ಮು ಬೋರಲು ಹಾಕಿದರು. ಅವಳ ಎಮ್ಮೆಗಳ ಸಗಣಿಯ ಜೊತೆ ತೊಳೆದ ನೀರು ಒಂದು ಕಡೆಯಿಂದ ಒಳಗೆ ಹೋಗುತ್ತಿತ್ತು. ಗ್ಯಾಸು ತುಂಬಿದಂತೆ ಡ್ರಮ್ಮು ಮೇಲೇಳುತ್ತಿತ್ತು. ಆ ಗ್ಯಾಸಿನಲ್ಲೇ ತುಪ್ಪ ಕಾಯುತ್ತಿತ್ತು. ಇನ್ನೊಂದು ಕಡೆಯಿಂದ ಹೊರಬಂದ ಬಗ್ಗಡ ಬಾಳೆಗಿಡಗಳಿಗೆ ಹರಿಯುತ್ತಿತ್ತು. ಮೋರಿ ಒಣಗಿತು. ದೇವಣ್ಣ ಬಾಯಿಬಿಟ್ಟು ಒಪ್ಪದಿದ್ದರೂ ದಿನಾ ಹೋಗಿ ಮೋರಿ ನೋಡಿ ಬರುತ್ತಿದ್ದ.

ಈಗ ಒಲೆ ಆರಿತ್ತು, ಡ್ರಮ್ಮು ಕೆಳಗೆ ಕೂತಿತ್ತು.

“ನಿಮ್ಮಾಸೆ ಈಡೇರ್ತು ಕಣ್ರಿ. ಪಾಯಸ ಮಾಡ್ಲಾ?” ಎಂದಳು ದೇವಣ್ಣನ ಹೆಂಡತಿ ಸರಸ್ವತಮ್ಮ.

ಮಾದಸ್ವಾಮಿ ಸೈಕಲ್ಲಿನಲ್ಲಿ ಬಂದರು. ಡ್ರಮ್ಮು ಎತ್ತಿಸಿದಾಗ ಹುಳಿ ನಾತ ಗೋಡೆ ದಾಟಿ ಬಂತು. ಗುಂಡಿಯ ಮೇಲೆ ಹಳದಿ ಜಿಡ್ಡು ರೊಟ್ಟಿಯಷ್ಟು ದಪ್ಪಗೆ ಕಟ್ಟಿತ್ತು.

“ಏನು ಹಾಕಿದ್ರಿ ಅಮ್ಮಾ?”

ಚಿಕ್ಕಬಸಮ್ಮ ಮುಚ್ಚಿಡಲಿಲ್ಲ. “ರಾಮಾಪುರದ ವೀರಮ್ಮ ಬೆಣ್ಣೆ ತಂದಿದ್ಲು ಸಾ, ಜೊತೆಗೆ ಇನ್ನೂ ಆರೇಳು ಜನ. ಸೌದೆ ಇಲ್ದೆ ಒಲೆ ಉರಿಯೋದು ನೋಡಿ, ಇದು ಮಾದಪ್ಪನ ಮಹಿಮೆ ಅಂದ್ರು. ದೇವ್ರಿಗೆ ಅಂತ ಎತ್ತಿಟ್ಟಿದ್ದ ಮೀಸಲು ಬೆಣ್ಣೆನೆಲ್ಲ ಗುಂಡಿಗೆ ಬುಟ್ರು. ಅವ್ರು ಬುಟ್ಮೇಲೆ ನಾನು ಸುಮ್ನಿರಕಾಯ್ತದಾ? ನಾನೂ ಒಂದು ತಪ್ಪಲೆ ತುಪ್ಪ ಉಯ್ದೆ.”

“ಮಾದಪ್ಪ ಆಗಿದ್ರೆ ಅರಗಿಸ್ಕೋತಿದ್ದ,” ಎಂದರು ಮಾದಸ್ವಾಮಿ. “ಇದರ ಹೊಟ್ಟೆ ಚಿಕ್ಕದು.”

ಗುಂಡಿಯ ದಂಡೆಯ ಮೇಲೆ ಕೂತು ಅವರು ವಿವರಿಸಿದರು. ಗಾಳಿ ತಾಗದ ಆ ಕತ್ತಲಲ್ಲಿ ಕಣ್ಣಿಗೆ ಕಾಣದ ಜೀವಿಗಳು ಕೆಲಸ ಮಾಡುತ್ತವೆ. ಒಂದು ಗುಂಪು ಜಿಡ್ಡನ್ನು ಹುಳಿಯಾಗಿಸುತ್ತದೆ, ಇನ್ನೊಂದು ಗುಂಪು ಆ ಹುಳಿಯನ್ನು ಉರಿಯುವ ಗ್ಯಾಸಾಗಿಸುತ್ತದೆ. ಎರಡನೆಯವು ನಿಧಾನ. ಒಮ್ಮೆಗೇ ಅಷ್ಟು ಜಿಡ್ಡು ಬಿದ್ದರೆ ಹುಳಿ ಏರಿ ಅವು ಕೆಲಸ ಕೈಬಿಡುತ್ತವೆ. ಮೇಲಿನ ಜಿಡ್ಡು ತೆಗೆದು, ಸುಣ್ಣದ ತಿಳಿ ಬಿಟ್ಟು, ಯಳಂದೂರಿನ ಹತ್ತಿರ ಚೆನ್ನಾಗಿ ನಡೆಯುತ್ತಿರುವ ಗುಂಡಿಯೊಂದರಿಂದ ಬಗ್ಗಡ ತಂದು ಹೆಪ್ಪು ಹಾಕಬೇಕು. ಗುಂಡಿ ಚೇತರಿಸಿಕೊಳ್ಳುವವರೆಗೆ ಜಿಡ್ಡುನೀರು ಬಿಡುವಂತಿಲ್ಲ.

“ಅಲ್ಲೀವರ್ಗೂ ಆ ನೀರು ಎಲ್ಲಿಗೆ ಬುಡ್ಲಿ?”

“ಅದು ನನಗೂ ಹೊಳೀತಿಲ್ಲಮ್ಮ.”

ಇನ್ನೂ ಬಾಯಿ ತೊಳೆಯದ ದೇವಣ್ಣ ಗೋಡೆಯಾಚೆಯಿಂದ ಹೇಳಿದ: “ಮೋರಿಗೆ ಮಾತ್ರ ಬುಡ್ಬೇಡ ಚಿಕ್ಕಬಸಕ್ಕ. ನಾನು ಸುಮ್ನಿರಾಕಿಲ್ಲ.”

“ನಿನ್ ಮೋರಿ ನಿಂಗೇ ಇರ್ಲಿ ದೇವಣ್ಣ. ಮದ್ಲು ಬಾಯಿ ಮುಕ್ಕಳಿಸ್ಕ, ಆಮೇಲೆ ಮಾತಾಡು.”

ಮಾರನೆಯ ದಿನ ಅವಳು ಗಾಡಿ ಕಟ್ಟಿಸಿಕೊಂಡು ಯಳಂದೂರಿಗೆ ಹೋದಳು. ಸಂಜೆ ಬಗ್ಗಡದ ಡಬ್ಬಗಳ ನಡುವೆ ಕೂತು, ಅವುಗಳ ಬಾಯಿಗೆ ಕಟ್ಟಿದ ಗೋಣಿತಾಟು ಜಾರದಂತೆ ಕೈಯಲ್ಲಿ ಹಿಡಿದು ಬಂದಳು. ಬೀದಿಯವರು ಮೂಗು ಮುಚ್ಚಿಕೊಂಡರು.

ನೀರಿನ ದಾರಿಯನ್ನೂ ಅವಳೇ ಕಂಡುಕೊಂಡಳು. ಎಮ್ಮೆಗಳಿಗೆ ತವುಡು ಕಲಸುವಾಗ ಕೈಯ ಜಿಡ್ಡೆಲ್ಲ ತವುಡಿಗೇ ಹತ್ತಿ ಕೈ ಒಣಗುತ್ತಿತ್ತು. ವರ್ಷಗಟ್ಟಲೆ ಮಾಡಿದ ಕೆಲಸವನ್ನು ಅವತ್ತು ಅವಳು ನಿಂತು ನೋಡಿದಳು. ಅಂದಿನಿಂದ ಯಾವ ಮಡಕೆಗೂ ಮೊದಲು ನೀರು ಸೋಕುವಂತಿರಲಿಲ್ಲ. ಬೆಣ್ಣೆ ತಂದವರೂ ಸೇರಿ ತವುಡು ಹಾಕಿ ಉಜ್ಜಬೇಕು, ಆ ತವುಡು ಎಮ್ಮೆಗೆ. ಬೆಣ್ಣೆ ತೊಳೆದ ನೀರನ್ನು ನಿಲ್ಲಲು ಬಿಟ್ಟು, ಮೇಲೆ ತೇಲಿದ್ದನ್ನು ಕೆನೆಯಂತೆ ತೆಗೆದು ಸೌದೆ ಒಲೆಯ ಮೇಲಿನ ತುಪ್ಪದ ಕಡಾಯಿಗೆ ಹಾಕುವುದು, ಉಳಿದ ನೀರು ಕಲಗಚ್ಚಿಗೆ. ಎಮ್ಮೆಗಳು ಕುಡಿಯುವಷ್ಟೇ ನೀರು ಬರಬೇಕೆಂದು ಕೊಳ್ಳುವ ಬೆಣ್ಣೆಯನ್ನೂ ಅರ್ಧಕ್ಕೆ ಇಳಿಸಿದಳು.

“ಮಡಕೆ ಉಜ್ಜೋಕೆ ನಾವೇನು ನಿಮ್ಮನೆ ಸೊಸೇರಾ?” ಎಂದು ವೀರಮ್ಮ ಗೊಣಗಿದಳು.

“ಗುಂಡಿಗೆ ಬೆಣ್ಣೆ ಉಣ್ಣಿಸ್ದೋರು ನೀವೇ ತಾನೆ? ಉಜ್ಜು ಬಾ.”

ವೀರಮ್ಮ ನಗುತ್ತಲೇ ಉಜ್ಜಿದಳು.

ಇದೆಲ್ಲವನ್ನೂ ದೇವಣ್ಣ ಗೋಡೆಯಾಚೆಯಿಂದ ನೋಡಿದ. ಹಾಸಿನಲ್ಲಿ ಎಳೆಗಳು ಕಡಿದರೆ ಒಂದೊಂದನ್ನೇ ಹುಡುಕಿ ಗಂಟು ಹಾಕಬೇಕು. ಆತುರ ಮಾಡಿದರೆ ಇನ್ನೆರಡು ಕಡಿಯುತ್ತವೆ. ಆ ಹೆಂಗಸು ಗುಂಡಿಗೆ ಒಂದು ಬಾನಿ ಸಗಣಿ ನೀರು ಹುಯ್ದು, ಕಾದು, ವಾಸನೆ ನೋಡಿ, ಇನ್ನೊಂದು ಬಾನಿ ಹುಯ್ಯುವುದನ್ನು ಕಂಡಾಗ ಅವನಿಗೆ ಅವಳ ಮೇಲೆ ಗೌರವ ಬಂತು. ಮಗ್ಗಕ್ಕೆ ಕೂರುವ ಮೊದಲು ಡ್ರಮ್ಮು ನೋಡುವುದು ಅಭ್ಯಾಸವಾಯಿತು. ಒಂದು ದಿನ ಅದು ಗೇಣುದ್ದ ಎದ್ದಿತ್ತು.

“ಎದ್ದದೆ ಕಣೇ,” ಎಂದು ಹೆಂಡತಿಗೆ ಕೂಗಿ ಹೇಳಿದ.

“ಯಾರು?”

“ಡ್ರಮ್ಮು.”

“ನಿಮ್ಮ ದೂರು ಏನಾಯ್ತು?” ಎಂದಳು ಸರಸ್ವತಮ್ಮ.

ಗ್ಯಾಸು ಮತ್ತೆ ಉರಿಯತೊಡಗಿತು, ಮೊದಲು ಮಂಕಾಗಿ, ಆಮೇಲೆ ನೀಲಿಯಾಗಿ. ತವುಡಿನಲ್ಲಿ ಉಜ್ಜಿದ ಮಡಕೆಗಳ ನೀರನ್ನು ಚಿಕ್ಕಬಸಮ್ಮ ಸ್ವಲ್ಪಸ್ವಲ್ಪವಾಗಿ ಗುಂಡಿಗೆ ಬಿಡುತ್ತ ಬಂದಳು.

ಯುಗಾದಿಗೆ ಮುಂಚೆ ಪುರಸಭೆಯ ಹೆಲ್ತ್ ಇನ್‌ಸ್ಪೆಕ್ಟರು ಬಂದರು. ದೇವಣ್ಣನನ್ನೂ ಕರೆಸಿ, ತಮ್ಮೆದುರೇ ಮಂಡಿಯ ದಿನದ ಕೆಲಸವೆಲ್ಲ ಆಗಲಿ ಎಂದರು. ಮಡಕೆ ತೊಳೆದ ನೀರು ಗುಂಡಿಗೆ ಹೋಯಿತು. ಮೋರಿಗೆ ಒಂದು ಹನಿಯೂ ಬರಲಿಲ್ಲ. ಆದರೂ ಇನ್‌ಸ್ಪೆಕ್ಟರಿಗೆ ಅನುಮಾನ.

“ಗುಂಡಿಯಿಂದ ಹೊರಗೆ ಬರೋದರಲ್ಲಿ ಜಿಡ್ಡಿದ್ದರೆ ಮಳೆಗಾಲದಲ್ಲಿ ಅದೇ ಬೀದಿಗೆ ಬರುತ್ತೆ. ದೂರು ಕೊಟ್ಟವರು ಏನಂತೀರಿ?”

ಚಿಕ್ಕಬಸಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಳು. ದೇವಣ್ಣ ಅವಳ ಮುಖ ನೋಡಲಿಲ್ಲ. ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಬಿಳಿ ರೇಷ್ಮೆಯ ತುಂಡು ಎಳೆಗಳನ್ನು ತೆಗೆದು, ಬಾಳೆಯ ಬುಡದಲ್ಲಿ ತಿಳಿಯಾಗಿ ನಿಂತಿದ್ದ ನೀರಿಗೆ ಅದ್ದಿದ. ಬಿಸಿಲಿಗೆ ಹಿಡಿದು, ಒಣಗುವವರೆಗೂ ನಿಂತ. ಆಮೇಲೆ ಹೆಬ್ಬೆರಳು ತೋರುಬೆರಳ ನಡುವೆ ಹೊಸೆದ. ಎಳೆಗಳು ಒಂದಕ್ಕೊಂದು ಅಂಟದೆ ಬಿಡಿಬಿಡಿಯಾಗಿ ಬಿಚ್ಚಿಕೊಂಡವು.

“ಬಣ್ಣ ಕಂದ್ಯದೆ ಸಾ,” ಎಂದ. “ಜಿಡ್ಡಿಲ್ಲ.”

“ಖಂಡಿತಾನಾ?”

“ನನ್ ಕೈ ಸಾ. ಇಪ್ಪತ್ತೈದು ವರ್ಸದಿಂದ ರೇಷ್ಮೆ ಮುಟ್ತಾ ಅದೆ.”

ಇನ್‌ಸ್ಪೆಕ್ಟರು ಎಳೆಗಳನ್ನು ತಾವೂ ಹೊಸೆದು ನೋಡಿ ಹೊರಟರು. ಮಂಡಿಗೆ ಬೀಗ ಬೀಳಲಿಲ್ಲ.

ಯುಗಾದಿ ಕಳೆದ ಮೊದಲ ಬುಧವಾರ ದೇವಣ್ಣ ಮದುವೆ ಸೀರೆಯೊಂದರ ಹಾಸನ್ನು ಅದೇ ಬೀದಿಯಲ್ಲಿ, ಮಂಡಿಯ ಮೋರಿಯ ಪಕ್ಕದಲ್ಲೇ ಹರಡಿದ.