ಏಳು ಕಿಲೋ ಇನ್ನೂರು

ಶಬೀನಾಳ ಮಗ ಸುಫಿಯಾನ್‌ಗೆ ಒಂಬತ್ತು ತಿಂಗಳು. ತೂಕ ಐದು ಕಿಲೋ ಒಂಬೈನೂರು. ಗುಂಡ್ಲುಪೇಟೆಯ ಅಂಗನವಾಡಿ ಟೀಚರ್ ರಮ್ಯ ಮನೆ ಭೇಟಿಗೆ ಹೋದವಳು ಜಂತೆಗೆ ತಕ್ಕಡಿ ನೇತುಹಾಕಿ ಎರಡು ಸಲ ತೂಗಿದಳು. ಎರಡು ಸಲವೂ ಅಷ್ಟೇ. ಇಲಾಖೆಯ ಫೋನಿನಲ್ಲಿ ತೂಕ ಹಾಕಿದ ಕೂಡಲೇ ಮಗುವಿನ ಹೆಸರು ಕೆಂಪಾಯಿತು. ಕೆಂಪಾದ ಮಗುವನ್ನು ದೊಡ್ಡಾಸ್ಪತ್ರೆಯಲ್ಲಿ ತಾಯಿ ಸಮೇತ ಹದಿನಾಲ್ಕು ದಿನ ಇಟ್ಟುಕೊಂಡು ಆರೈಕೆ ಮಾಡಬೇಕು. ನಿಯಮ ಹಾಗಿದೆ.

ಸಂಜೆ ಮೇಲಧಿಕಾರಿ ಸುಧಾಕರ್ ಫೋನ್ ಮಾಡಿದರು. ಈ ತಿಂಗಳು ಒಂದೂ ಕೆಂಪು ಇರಬಾರದು, ಏಳು ಕಿಲೋ ಇನ್ನೂರು ಅಂತ ತಿದ್ದಿ ಎಂದರು. ರಮ್ಯ ಹಿಂದೆಮುಂದೆ ನೋಡಿದಳು. ಕೆಲಸ ಬೇಕೋ ಬೇಡವೋ ಎಂದು ಅವರು ಮೆತ್ತಗೆ ಕೇಳಿದರು. ರಮ್ಯ ತಿದ್ದಿದಳು. ಒಂದು ಗುಟುಕು ಹಾಲೂ ಹೆಚ್ಚಿಗೆ ಕುಡಿಯದೆ ಮಗು ಒಂದು ಕಿಲೋ ಮುನ್ನೂರು ಗ್ರಾಂ ದಪ್ಪವಾಯಿತು. ಹೆಸರು ಹಸಿರಾಯಿತು.

ಹತ್ತು ದಿನಕ್ಕೆ ಸುಫಿಯಾನ್‌ಗೆ ಭೇದಿ ಹತ್ತಿತು. ಶಬೀನಾ ಬಸ್ಸು ಹತ್ತಿ ದೊಡ್ಡಾಸ್ಪತ್ರೆಗೆ ಎತ್ತಿಕೊಂಡು ಹೋದಳು. ಆರೈಕೆಯ ಪಟ್ಟಿಯಲ್ಲಿ ಹೆಸರಿಲ್ಲ, ಫೋನಿನಲ್ಲಿ ತೂಕ ಸರಿಯಾಗಿದೆ ಎಂದು ಔಷಧದ ಪುಡಿ ಕೊಟ್ಟು ಕಳಿಸಿದರು. ಅವಳು ಬಸ್ಸಿಳಿದು ನೆಟ್ಟಗೆ ಅಂಗನವಾಡಿಗೆ ಬಂದಳು.

"ಫೋನಲ್ಲಿ ನನ್ ಮಗ ದಪ್ಪಗವ್ನಂತೆ, ಟೀಚರ್. ಆ ಮಗ ಎಲ್ಲವ್ನೆ? ತೋರ್ಸಿ."

ರಮ್ಯ ಏನೋ ಸುಳ್ಳು ಹೇಳಲು ಬಾಯಿ ತೆರೆದಳು. ಬರಲಿಲ್ಲ.

"ತಿದ್ದುದ್ದು ನಾನೇ ಕಣಕ್ಕ."

ಮೊಮ್ಮಗಳ ಪಾಲಿನ ಮೊಟ್ಟೆ ಈಸಿಕೊಳ್ಳಲು ಬಂದಿದ್ದ ಮಂಚಮ್ಮ ಅಲ್ಲೇ ನಿಂತಿದ್ದಳು. ನಮ್ಮ ಕೂಸಿನದೂ ತಿದ್ದಿದ್ದೀಯಾ ಎಂದು ಕೇಳಿದಳು. ರಮ್ಯ ಹೂಂ ಎಂದಳು. ಆಮೇಲೆ ಒಟ್ಟು ಹನ್ನೊಂದು ಮಕ್ಕಳ ಹೆಸರು ಹೇಳಿದಳು. ಹೇಳುತ್ತ ಹೇಳುತ್ತ ಅವಳ ದನಿ ಗಟ್ಟಿಯಾಯಿತು.

ಮಾರನೆಯ ಬೆಳಿಗ್ಗೆ ಹನ್ನೊಂದು ಮನೆಯವರು ಮಕ್ಕಳನ್ನೆತ್ತಿಕೊಂಡು ಕಚೇರಿಗೆ ಹೋದರು. ರಮ್ಯ ಸುಧಾಕರರ ಕೋಣೆಯ ಬಾಗಿಲ ಚೌಕಟ್ಟಿಗೆ ತಕ್ಕಡಿ ನೇತುಹಾಕಿದಳು. ಕಚೇರಿಯಲ್ಲಿ ತೂಗಲು ಅವಕಾಶವಿಲ್ಲ, ಮನೆ ಭೇಟಿ ಎಂದರೆ ಮನೆಯಲ್ಲೇ ಆಗಬೇಕು ಎಂದು ಅವರು ತಿಳಿಹೇಳಿದರು. ಕೆಲಸದ ಮಾತನ್ನೂ ನೆನಪಿಸಿದರು.

"ಮನೇಲಿ ತೂಗ್ದುದ್ದು ನಿಮ್ಗೆ ಕಾಣ್ನಿಲ್ಲ ಸಾರ್. ಅದ್ಕೇ ಇಲ್ಗೇ ತಂದಿವ್ನಿ," ಎಂದಳು ರಮ್ಯ.

ಶಬೀನಾ ಮಗನನ್ನು ತಕ್ಕಡಿಯ ಚೀಲಕ್ಕಿಳಿಸಿದಳು. ಅಳುವಷ್ಟು ಶಕ್ತಿ ಅವನಲ್ಲಿರಲಿಲ್ಲ. ಮುಳ್ಳು ಐದು ಕಿಲೋ ಆರುನೂರಕ್ಕೆ ನಿಂತಿತು. ಸುಧಾಕರ್ ಮುಳ್ಳನ್ನು ಬಿಟ್ಟು ಫೋನ್ ನೋಡಿದರು.

"ಪೇಪರ್ ಮೇಲೆ ಬರೀರಿ ಸಾರ್," ಎಂದಳು ಶಬೀನಾ. "ಸೈನ್ ಹಾಕಿ. ಇವತ್ತೇ ಆಸ್ಪತ್ರೆಗೆ ಓಯ್ತೀನಿ."

ಅವರು ಪೆನ್ನು ತೆಗೆಯಲಿಲ್ಲ. ಬಾಗಿಲಲ್ಲಿದ್ದವರು ಕದಲಲಿಲ್ಲ. ಮಂಚಮ್ಮ ಹೊಸ್ತಿಲ ಮೇಲೆ ಕುಳಿತು, ತೂಕಕ್ಕೆಂದು ಮೊಮ್ಮಗಳ ಸ್ವೆಟರ್ ಬಿಚ್ಚತೊಡಗಿದಳು. ಅವಳ ಹಿಂದೆ ಇನ್ನೂ ಒಂಬತ್ತು ಜನ ನಿಂತಿದ್ದರು.